ಎರಡು ಕೆಂಪು ಚುಕ್ಕೆಗಳ ಕಂಪ್ಯೂಟರ್

ಶನಿವಾರದ ಪುರವಣಿಯ ಮೂರನೇ ಪುಟದಲ್ಲಿ ಅವನ ಫೋಟೋ ಬಂದಿತ್ತು. ಕೂದಲು ಬೆಳ್ಳಗಾಗಿತ್ತು, ನಗು ಮಾತ್ರ ಹಾಗೇ ಇತ್ತು, ಎಡಗಡೆಗೆ ಸ್ವಲ್ಪ ಜಾಸ್ತಿ. ಕೆಳಗೆ ದಪ್ಪಕ್ಷರದಲ್ಲಿ 'ನನ್ನ ಮೊದಲ ಕಂಪ್ಯೂಟರ್' ಎಂಬ ತಲೆಬರಹ.

ಅಕ್ಕನ ಮಗಳು ಪೇಪರನ್ನು ಟೀ ಲೋಟದ ಪಕ್ಕ ಇಟ್ಟಳು. "ಚಿಕ್ಕಮ್ಮ, ನೀವು ಯಾವಾಗ್ಲೂ ಹೇಳ್ತಿರ್ತೀರಲ್ಲ, ಅದೇ ಅಲ್ವಾ ಇದು? ಕಪ್ಪಗೆ, ಪುಸ್ತಕದಷ್ಟು ದೊಡ್ಡದು, ಟಿವಿಗೆ ಸಿಕ್ಕಿಸೋದು..."

ಅವಳು ಕನ್ನಡಕ ಹಾಕಿಕೊಂಡಳು. ಮೂವತ್ತು ವರ್ಷದಿಂದ ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿ ಹೇಳುವವರು ಏನಂದರೋ ಅದಷ್ಟೇ ಬರೆದುಕೊಳ್ಳುವ ಕೆಲಸ; ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹಾಗಾಗಿ ಅವಳು ಯಾವುದನ್ನೂ ಸುಮ್ಮನೆ ಕಣ್ಣಾಡಿಸಿ ಬಿಡುವವಳಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದುವವಳು.

ಎಷ್ಟು ಚೆನ್ನಾಗಿ ಬರೆದಿದ್ದ, ಪುಣ್ಯಾತ್ಮ! ಒಂದನ್ನೂ ಮರೆತಿರಲಿಲ್ಲ. ಸಾಮಾನ್ಯ ಜನರ ಕೈಗೆಟುಕಿದ ಮೊದಲ ಕಂಪ್ಯೂಟರ್ ಅದು, ಅಂಗಡಿಯವನು ಅದನ್ನು ಬಿಸ್ಕತ್ತಿನ ಪೊಟ್ಟಣದ ಹಾಗೆ ಕಟ್ಟಿಕೊಟ್ಟ, ಎಂದು ಶುರು ಮಾಡಿದ್ದ. ಟೇಪ್ ರೆಕಾರ್ಡರಿನ ಕಿರುಚಾಟ ಇತ್ತು. ಅಪ್ಪನ ವಾರ್ತೆ ಶುರುವಾಗುವ ಮೊದಲು ಟಿವಿ ಬಿಟ್ಟುಕೊಡಬೇಕಾದ ಅವಸರ ಇತ್ತು. ಅಡುಗೆಮನೆಯ ನೆಲದಲ್ಲಿ ಅಮ್ಮನ ಪೊರಕೆಯಿಂದ ತಪ್ಪಿಸಿಕೊಂಡು ಸಕ್ಕರೆ ಹೊರುವ ಇರುವೆಯ ಆಟ ಹೊಳೆದ ಮಧ್ಯಾಹ್ನ ಇತ್ತು. ಅಪ್ಪ, ಅಮ್ಮ, ಪೊರಕೆ, ಎಲ್ಲವೂ ಅಲ್ಲಿ ಅವನದೇ. 'ಗುಂಡಿಗಳು ಸಪಾಟಾಗಿದ್ದವು, ಬೆರಳಿಗೆ ದಾರಿ ಸಿಗುತ್ತಿರಲಿಲ್ಲ. ಎರಡು ಗುಂಡಿಗಳ ಮೇಲೆ ನಾನೇ ಒಂದೊಂದು ಕೆಂಪು ಚುಕ್ಕೆ ಇಟ್ಟುಕೊಂಡೆ. ಆ ಏಕಾಂತದ ಮಧ್ಯಾಹ್ನಗಳಲ್ಲಿ ನನಗೆ ಜೊತೆಗಿದ್ದದ್ದು ಆ ಎರಡು ಚುಕ್ಕೆಗಳು ಮಾತ್ರ.'

ಅವಳು ಮತ್ತೆ ಮೊದಲಿನಿಂದ ಓದಿದಳು. ಎಲ್ಲಾದರೂ ಒಂದು ಕಡೆ, 'ಕೆಳಗಿನ ಮನೆಯ ಹುಡುಗಿ' ಅಂತಲಾದರೂ, 'ಒಬ್ಬ ಸ್ನೇಹಿತೆ' ಅಂತಲಾದರೂ ಇರಬಹುದು ಎಂದು. ಇರಲಿಲ್ಲ.

"ಕೆಂಪು ಚುಕ್ಕೆ ಯಾವುದ್ರಲ್ಲಿ ಇಟ್ಟಿದ್ರಂತೆ?" ಅಕ್ಕನ ಮಗಳು ಕೇಳಿದಳು.

"ನೇಲ್ ಪಾಲಿಶಲ್ಲಿ."

"ಹುಡುಗನ ಹತ್ರ ನೇಲ್ ಪಾಲಿಶ್ ಎಲ್ಲಿಂದ ಬಂತು?"

"ನನ್ನ ಬಾಟಲಿಯಿಂದ," ಅಂದಳು ಅವಳು. ಟೀ ಆರಿಹೋಗಿತ್ತು. ಅದನ್ನೇ ಕುಡಿದಳು.

ಕಂಪ್ಯೂಟರ್ ಅವಳದು. ಇದರಲ್ಲಿ ಎರಡು ಮಾತಿಲ್ಲ. ಆಗ ಅವಳಿಗೆ ಇಪ್ಪತ್ತೆರಡು, ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ವಾಷಿಂಗ್ ಮೆಷಿನ್ ಬರುತ್ತದೆಂದು ಕಾದು ಕೂತಿದ್ದ ಅಮ್ಮನ ಮುಂದೆ ಅವಳು ಆ ಪೊಟ್ಟಣ ಬಿಚ್ಚಿದಾಗ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬಟ್ಟೆ ಒಗೆಯುತ್ತಾ?" ಎಂದಿದ್ದಳು.

"ಇಲ್ಲಮ್ಮ, ಲೆಕ್ಕ ಮಾಡುತ್ತೆ. ಆಟ ಆಡುತ್ತೆ. ನಾವು ಹೇಳಿದ ಹಾಗೆ ಕೇಳುತ್ತೆ."

"ಹೇಳಿದ ಹಾಗೆ ಕೇಳೋದು ಈ ಮನೆಯಲ್ಲಿ ಒಂದಾದ್ರೂ ಇರಲಿ ಬಿಡು," ಎಂದು ಅಮ್ಮ ಪೊರಕೆ ತೆಗೆದುಕೊಂಡು ಒಳಗೆ ಹೋದಳು.

ಅಪ್ಪ ಬಸ್ ಡ್ರೈವರ್. ಭಾನುವಾರ ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದರೆ ಸಂಜೆಯ ವಾರ್ತೆಗೇ ಏಳುವುದು. ಅಷ್ಟು ಹೊತ್ತು ಟಿವಿ ಅವಳ ಪಾಲಿಗೆ. ಕಂಪ್ಯೂಟರಿನ ಬೆನ್ನಿಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮೆಮೊರಿ ಡಬ್ಬಿಯೊಂದನ್ನು ಸಿಕ್ಕಿಸಬೇಕಿತ್ತು. ಅದು ಸಡಿಲ. ಮೇಜು ಒಂಚೂರು ಅಲುಗಿದರೂ ಸಾಕು, ಅಷ್ಟು ಹೊತ್ತು ಟೈಪ್ ಮಾಡಿದ್ದೆಲ್ಲ ಮಂಗಮಾಯ. ಹಾಗಾಗಿ ಒಂದೊಂದು ಪ್ರೋಗ್ರಾಮನ್ನೂ ಕೂಡಲೇ ಟೇಪಿಗೆ ಸೇವ್ ಮಾಡಿಕೊಳ್ಳಬೇಕು, ಆಗ ರೆಕಾರ್ಡರ್ ಕೀಈಈ ಎಂದು ಕಿರುಚುತ್ತದೆ.

ಮೊದಲ ಭಾನುವಾರ ಅದು ಹಾಗೆ ಕಿರುಚುತ್ತಿದ್ದಾಗಲೇ ಯಾರೋ ದಡದಡನೆ ಮೆಟ್ಟಿಲಿಳಿದು ಬಂದು ಬಾಗಿಲು ತಳ್ಳಿದರು. ಮೇಲಿನ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹುಡುಗ. ಪುಸ್ತಕದಂಗಡಿಯಲ್ಲಿ ಕೆಲಸ.

"ಏನಾಯ್ತು? ಯಾರಿಗೇನಾಯ್ತು? ಯಾರೋ ಕಿರುಚಿದ್ರಲ್ಲ!"

"ಅಯ್ಯೋ, ಅಲ್ಲೇ ನಿಂತ್ಕೊಳ್ರೀ!"

ಅವನು ನಿಲ್ಲಲಿಲ್ಲ. ಗಾಬರಿಯಲ್ಲಿ ಎರಡು ಹೆಜ್ಜೆ ಒಳಗೆ ಬಂದ, ಮಂಡಿ ಮೇಜಿಗೆ ತಾಗಿತು, ಟಿವಿ ಬೆಳ್ಳಗಾಯಿತು. ಎರಡು ಗಂಟೆಯ ಟೈಪಿಂಗು ಗಾಳಿಗೆ ಹೋಯಿತು.

"ಕಿರುಚಿದ್ದು ಟೇಪು," ಅಂದಳು ಅವಳು, ಅಳು ನುಂಗಿಕೊಂಡು. "ಈಗ ಕಿರುಚೋದು ನಾನು."

ಅವನು ನಾಲಿಗೆ ಕಚ್ಚಿಕೊಂಡ. ಕಣ್ಣು ಇಷ್ಟಗಲ ಮಾಡಿಕೊಂಡು ಟಿವಿಯನ್ನೂ ಅವಳನ್ನೂ ಸರದಿಯಲ್ಲಿ ನೋಡಿದ. ಅವಳನ್ನು ನೋಡುವ ಸರದಿ ಸ್ವಲ್ಪ ಉದ್ದವಾಯಿತು. ಅಷ್ಟು ಸಿಟ್ಟಿನಲ್ಲೂ ಅವಳಿಗೆ ಅದು ಗೊತ್ತಾಯಿತು.

ಮುಂದಿನ ಭಾನುವಾರ ಅವನು ತಪ್ಪುಕಾಣಿಕೆ ತಂದ. ಅಂಗಡಿಯಲ್ಲಿ ಮಾರಾಟಕ್ಕಿದ್ದ ಒಂದು ಕಂಪ್ಯೂಟರ್ ಮಾಸಿಕ. ಅದರ ತುಂಬ ಟೈಪ್ ಮಾಡಿಕೊಳ್ಳಬಹುದಾದ ಪ್ರೋಗ್ರಾಮುಗಳು.

"ಆದ್ರೆ ಒಂದು ಷರತ್ತು. ಇದನ್ನ ಮಡಚೋ ಹಾಗಿಲ್ಲ, ಒತ್ತೋ ಹಾಗಿಲ್ಲ. ಸೋಮವಾರ ಬೆಳಗ್ಗೆ ಮತ್ತೆ ಅಂಗಡಿಯಲ್ಲಿರಬೇಕು, ಹೊಸದರ ಹಾಗೆ."

"ಮತ್ತೆ ನಾನು ಹೇಗ್ರೀ ನೋಡ್ಕೊಂಡು ಟೈಪ್ ಮಾಡ್ಲಿ?"

"ನೀವು ನೋಡ್ಬೇಡಿ. ನಾನು ಓದ್ತೀನಿ."

ಹೀಗೆ ಶುರುವಾಯಿತು. ಎಡಗೈಯಲ್ಲಿ ಪುಸ್ತಕವನ್ನು ಅರ್ಧವೇ ತೆರೆದು, ಇಣುಕಿ ಇಣುಕಿ ಅವನು ಓದುವುದು, ಅವಳು ಟಕಟಕನೆ ಟೈಪ್ ಮಾಡುವುದು. ಅವನ ಬಲಗೈ ಖಾಲಿ ಇರುವುದು ಯಾಕೆ ಎಂದು, ಅದರ ತೋರುಬೆರಳನ್ನು ಅವಳು ಮೆಮೊರಿ ಡಬ್ಬಿಯ ಮೇಲೆ ಒತ್ತಿಸಿ ಕೂರಿಸಿದಳು. "ಅಲುಗಾಡಬೇಡ!" ಅಂದಳು. ಬಹುವಚನ ಆವತ್ತೇ ಬಿದ್ದುಹೋಯಿತು.

ಅವನಿಗೆ ಅವಳಿಟ್ಟ ಹೆಸರು ಓದಪ್ಪ. ಅವನು ಅವಳಿಗಿಟ್ಟದ್ದು ಟಕಟಕಿ.

ಸಪಾಟು ಗುಂಡಿಗಳ ಮೇಲೆ ಅವಳ ಟೈಪಿಸ್ಟ್ ಬೆರಳುಗಳು ದಾರಿ ತಪ್ಪುತ್ತಿದ್ದವು. ಒಂದು ದಿನ ಅವಳು ನೇಲ್ ಪಾಲಿಶ್ ಬಾಟಲಿ ತಂದು, ತೋರುಬೆರಳುಗಳು ಕೂರುವ ಎರಡು ಗುಂಡಿಗಳ ಮೇಲೆ ಒಂದೊಂದು ಹನಿ ಇಟ್ಟಳು. ಒಣಗಲಿ ಎಂದು ಇಬ್ಬರೂ ಬಗ್ಗಿ ಊದಿದರು. ಹಣೆಗೆ ಹಣೆ ಢೀ ಕೊಟ್ಟಿತು.

"ನೋವಾಯ್ತಾ?"

"ಇಲ್ಲ," ಅಂದ ಓದಪ್ಪ. "ಇನ್ನೊಂದು ಗುಂಡಿಗೂ ಇಡ್ತೀಯಾ?"

ಅವಳು ಅವನ ಮೂಗಿನ ತುದಿಗೆ ಇಟ್ಟಳು.

ಇರುವೆಯ ಆಟ ಅವಳ ತಲೆಯಲ್ಲಿ ಹುಟ್ಟಿದ್ದು, ಅಮ್ಮ ನೆಲ ಗುಡಿಸುತ್ತಾ "ಈ ಇರುವೆಗಳಿಗೆ ಹೇಳೋರು ಕೇಳೋರು ಇಲ್ವಾ" ಎಂದು ಗೊಣಗಿದ ಮಧ್ಯಾಹ್ನ. ಮೂರು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಈಗ ಪುಸ್ತಕ ಬೇಡವಾಗಿತ್ತು. ಅವಳೇ ಯೋಚಿಸಿ ಕಾಗದದ ಮೇಲೆ ಬರೆದಿಡುತ್ತಿದ್ದಳು, ಅವನು ಅದನ್ನೇ ಓದುತ್ತಿದ್ದ, ಮಧ್ಯೆ "ಇಲ್ಲಿ ಇರುವೆ ಸುಸ್ತಾಗಿ ಕೂತ್ಕೊಂಡ್ರೆ ಹೇಗೆ?" ಎಂದು ಒಂದೊಂದು ಮಾತು ಸೇರಿಸುತ್ತಿದ್ದ. ಅವನ ಬೆರಳು ಮಾತ್ರ ಡಬ್ಬಿಯ ಮೇಲಿಂದ ಕದಲುತ್ತಿರಲಿಲ್ಲ.

ಆಟ ಮುಗಿದ ದಿನ ಸೇವ್ ಮಾಡಲು ಅವನು ಹೊಸ ಕ್ಯಾಸೆಟ್ ತಂದು, ಅಂದವಾದ ಅಕ್ಷರದಲ್ಲಿ 'ಇರುವೆ - ೧' ಎಂದು ಚೀಟಿ ಅಂಟಿಸಿದ. ಅವಳು ರೆಕಾರ್ಡ್ ಒತ್ತಿದಳು. ಆರು ನಿಮಿಷ ಸುಮ್ಮನೆ ಕೂರಬೇಕು. ಇಬ್ಬರೂ ಸುಮ್ಮನೆ ಕೂರಲಿಲ್ಲ, ಮಾತಾಡಿದರು. ಆ ಮಾತಿನ ಗುಂಗಿನಲ್ಲಿ ಟೇಪ್ ಕಿರುಚುತ್ತಲೇ ಇಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ನೋಡಿದರೆ ಕಂಪ್ಯೂಟರಿನ ಜ್ಯಾಕನ್ನು ರೆಕಾರ್ಡರಿಗೆ ಚುಚ್ಚಿಯೇ ಇರಲಿಲ್ಲ. ಜ್ಯಾಕ್ ಇಲ್ಲದಿದ್ದರೆ ರೆಕಾರ್ಡರ್ ತನ್ನ ಮೈಕಿನಿಂದ ಕೋಣೆಯ ಸದ್ದನ್ನು ತುಂಬಿಕೊಳ್ಳುತ್ತದೆ. ಇರುವೆ ಸೇವ್ ಆಗಿರಲಿಲ್ಲ, ಅವರ ಮಾತು ಸೇವ್ ಆಗಿತ್ತು.

ನಕ್ಕು ನಕ್ಕು ಸುಸ್ತಾಗಿ ಇನ್ನೊಂದು ಕ್ಯಾಸೆಟ್ಟಿಗೆ ಸರಿಯಾಗಿ ಸೇವ್ ಮಾಡಿ 'ಇರುವೆ - ೨' ಎಂದು ಬರೆದರು. ಮೊದಲನೆಯದನ್ನು ಅವಳು ಯಾರಿಗೂ ಕಾಣದ ಹಾಗೆ ಬಟ್ಟೆಯ ಬೀರುವಿಗೆ ಸೇರಿಸಿದಳು.

ಇಬ್ಬರೂ ಬರೆದ ಕಾಗದಕ್ಕೆ, ದೂರದೂರಿನಲ್ಲಿ ಆಟಗಳನ್ನು ಮಾರುವ ಒಂದು ಕಂಪನಿಯಿಂದ ಉತ್ತರ ಬಂತು: ತಂದು ತೋರಿಸಿ. ಅವಳಿಗೆ ರಜೆ ಸಿಗಲಿಲ್ಲ. ಅವನು ಹೊರಟ. ಕಂಪ್ಯೂಟರ್, ಡಬ್ಬಿ, ಎರಡನೇ ಕ್ಯಾಸೆಟ್, ಎಲ್ಲವನ್ನೂ ಅವಳೇ ತನ್ನ ಹಳೇ ಸ್ವೆಟರಿನಲ್ಲಿ ಸುತ್ತಿ ಚೀಲಕ್ಕಿಟ್ಟಳು.

"ಒಂದು ತಿಂಗಳು ಕಣೇ. ಇಲ್ಲಿ ಹೋದೆ, ಇಲ್ಲಿ ಬಂದೆ."

ಮೂರು ಕಾಗದ ಬಂದವು. ಆಮೇಲೆ ಅಚ್ಚು ಹಾಕಿಸಿದ ಒಂದು ಶುಭಾಶಯ ಪತ್ರ. ಆಮೇಲೆ ಏನೂ ಇಲ್ಲ. ಮರುವರ್ಷ ಅಂಗಡಿಯಲ್ಲಿ ಇರುವೆಯ ಆಟ ಬಂತು, ಡಬ್ಬದ ಮೇಲೆ ಅವನ ಹೆಸರೊಂದೇ. ಕಂಪನಿಯವರು ಒಂದೇ ಹೆಸರು ಹಾಕೋದು, ಪಾಪ ಅವನೇನು ಮಾಡ್ತಾನೆ, ಎಂದು ಅವಳೇ ಅವನ ಪರ ವಕಾಲತ್ತು ವಹಿಸಿದಳು. ಮೂವತ್ತೈದು ವರ್ಷ ವಹಿಸಿದಳು. ಅವಳು ಮದುವೆಯಾಗದಿರಲು ಅವನೇ ಕಾರಣ ಎಂದು ಯಾರಾದರೂ ಅಂದರೆ ಅವರ ಮೇಲೇ ರೇಗುತ್ತಿದ್ದಳು. ಅವನು ಕೈಕೊಟ್ಟ ಎಂದು ಅಕ್ಕ ಅಂದಾಗ, "ಇಲ್ಲ, ಹೋದ ಅಷ್ಟೇ. ಹೋಗೋರು ಹೋಗ್ತಾರೆ" ಎಂದಿದ್ದಳು. ಆ ಭಾನುವಾರಗಳು ತನ್ನ ಹತ್ತಿರವೇ ಇವೆಯಲ್ಲ, ಅವನ್ನು ಯಾರು ಒಯ್ಯುತ್ತಾರೆ ಎಂಬ ಧೈರ್ಯ ಅವಳಿಗೆ.

ಈಗ ಅವನು ಅವನ್ನೂ ಒಯ್ದಿದ್ದ.

"ಚಿಕ್ಕಮ್ಮ," ಅಕ್ಕನ ಮಗಳು ಮೆಲ್ಲಗೆ ಅಂದಳು. ಅವಳಿಗೆ ಊರಿನ ಲೈಬ್ರರಿಯಲ್ಲಿ ಕೆಲಸ. "ಅವರು ಮುಂದಿನ ಶನಿವಾರ ನಮ್ಮ ಲೈಬ್ರರಿಗೇ ಬರ್ತಿದ್ದಾರೆ. ಭಾಷಣ ಇದೆ. ಆ ಕಂಪ್ಯೂಟರನ್ನ ನಮ್ಗೆ ದಾನ ಕೊಡ್ತಾರಂತೆ."

"ದಾನ?" ಅವಳ ದನಿ ಏರಿತು. "ಯಾರದ್ದನ್ನ ಯಾರು ದಾನ ಕೊಡೋದು?"

ಶನಿವಾರ ಮಧ್ಯಾಹ್ನ ಮೂರಕ್ಕೆ ಅವಳು ಲೈಬ್ರರಿಯ ಹಾಲಿನ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಿಳಿ ನೀಲಿ ಸೀರೆ. ಮೂರು ಸೀರೆ ತೆಗೆದು ಬದಲಾಯಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು. ಬ್ಯಾಗಿನಲ್ಲಿ ಕ್ಯಾಸೆಟ್.

ಅವನು ಕನ್ನಡಿ ಮುಂದೆ ಕಾಲರ್ ಸರಿ ಮಾಡಿಕೊಳ್ಳುತ್ತಿದ್ದ. ಕನ್ನಡಿಯಲ್ಲೇ ಅವಳನ್ನು ನೋಡಿದ. ಕೈ ಹಾಗೇ ನಿಂತಿತು.

"ಟಕಟಕಿ?"

ಅಷ್ಟು ವರ್ಷದ ಮೇಲೆ ಆ ಹೆಸರು ಕೇಳಿದ್ದೇ ತಡ, ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮನಸ್ಸು ಎಂಥ ದಡ್ಡ ವಸ್ತು!

"ಓದ್ದೆ ನಿನ್ನ ಲೇಖನ," ಅಂದಳು.

"ಹೇಗಿತ್ತು?"

"ತುಂಬ ಚೆನ್ನಾಗಿತ್ತು. ನಾನೊಬ್ಬಳು ಇರಲಿಲ್ಲ, ಅದೊಂದು ಬಿಟ್ರೆ."

ಅವನ ನಗು ಎಡಗಡೆಯಿಂದ ಜಾರಿತು. "ಅದು... ಜಾಗ ಕಮ್ಮಿ ಇತ್ತು ಕಣೇ. ಪೇಪರಿನವ್ರು ಕತ್ತರಿಸಿಬಿಡ್ತಾರೆ."

"ಕೆಂಪು ಚುಕ್ಕೆ ಕತ್ತರಿಸಲಿಲ್ಲವಲ್ಲ."

ಅವನು ಕುರ್ಚಿ ಎಳೆದು ಕೂರಿಸಿದ. ತಾನೂ ಎದುರು ಕೂತ. ಮೊದಲಿನ ಹಾಗೇ, ಅವಳನ್ನು ನೋಡುವ ಸರದಿ ಸ್ವಲ್ಪ ಉದ್ದವಾಯಿತು. "ನಂದು ತಪ್ಪು. ಏನು ಮಾಡ್ಲಿ ಹೇಳು."

"ಜಾಸ್ತಿ ಏನೂ ಬೇಡ. ಇವತ್ತು ಎಲ್ಲರ ಮುಂದೆ ಒಂದೇ ಒಂದು ಮಾತು ಹೇಳು. ಕಂಪ್ಯೂಟರ್ ಅವಳದಾಗಿತ್ತು, ನಾವಿಬ್ಬರೂ ಕೂತು ಮಾಡಿದ್ವಿ, ಅಂತ. ಹೆಸರೂ ಬೇಡ ನಂಗೆ."

"ಖಂಡಿತ ಹೇಳ್ತೀನಿ. ನಿನ್ನಾಣೆ."

ಅವಳು ನಂಬಿದಳು. ನಂಬಿಬಿಟ್ಟಳು! ಕೋರ್ಟಿನಲ್ಲಿ ಮೂವತ್ತು ವರ್ಷ ಆಣೆ ಪ್ರಮಾಣಗಳನ್ನೇ ಬರೆದುಕೊಂಡ ಹೆಂಗಸು. ಬ್ಯಾಗಿನಿಂದ ಕ್ಯಾಸೆಟ್ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಇರುವೆ! ನನ್ನದೇ ಅಕ್ಷರ!" ಅವನ ಮುಖ ಇಪ್ಪತ್ತೈದರ ಹುಡುಗನ ಮುಖವಾಯಿತು. "ನನ್ನ ಹತ್ರ ಇದ್ದದ್ದು ಎಂದೋ ಹಾಳಾಯ್ತು. ಇದು ಇನ್ನೂ ಇದೆಯಾ?"

"ಇದೆ. ಮನೆಗೆ ಹೋಗಿ ಒಬ್ಬನೇ ಕೇಳು. ಇಲ್ಲಿ ಬೇಡ."

ಅವನು ತಲೆಯಾಡಿಸಿದ. ಕೇಳಿಸಿಕೊಂಡನೋ ಇಲ್ಲವೋ, ಅಷ್ಟರಲ್ಲಿ ಯಾರೋ ಬಂದು "ಸರ್, ಎಲ್ಲ ಬಂದಿದ್ದಾರೆ" ಎಂದು ಕರೆದರು.

ಹಾಲಿನಲ್ಲಿ ಸುಮಾರು ನೂರು ಜನ. ಅವಳು ಮೂರನೇ ಸಾಲಿನಲ್ಲಿ ಕೂತಳು. ವೇದಿಕೆಯ ಮೇಜಿನ ಮೇಲೆ ಅದು ಇತ್ತು. ಕಪ್ಪಗೆ, ಪುಟ್ಟಗೆ, ಅಂಚು ಸವೆದು, ಬೆನ್ನಿಗೆ ಅದೇ ಸಡಿಲ ಡಬ್ಬಿ ಸಿಕ್ಕಿಸಿಕೊಂಡು. ಎರಡು ಕೆಂಪು ಚುಕ್ಕೆಗಳು ಅಷ್ಟು ದೂರಕ್ಕೂ ಕಾಣುತ್ತಿದ್ದವು. ಅವಳ ತೋರುಬೆರಳುಗಳು ಮಡಿಲಲ್ಲೇ ಮಿಸುಕಾಡಿದವು. ಪಕ್ಕದಲ್ಲಿ ಒಂದು ಹಳೇ ರೆಕಾರ್ಡರ್, ಅದಕ್ಕೆ ಹಾಲಿನ ಸ್ಪೀಕರಿನ ತಂತಿ.

ಅವನು ಮಾತಿಗೆ ನಿಂತ. ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ, ಓದಪ್ಪ ಅಲ್ಲವೇ. ಜನ ನಕ್ಕರು, ತಲೆದೂಗಿದರು. ಅಮ್ಮ 'ಇದು ಬಟ್ಟೆ ಒಗೆಯುತ್ತಾ' ಎಂದಳು ಎಂಬಲ್ಲಿ ಸಭೆ ಗೊಳ್ಳೆಂದಿತು. ಅದೂ ಅವನ ಅಮ್ಮನೇ ಅಂದದ್ದಾಗಿತ್ತು. ಇರಲಿ, ಈಗ ಹೇಳುತ್ತಾನೆ, ಎಂದು ಅವಳು ಕಾದಳು. ಚುಕ್ಕೆಗಳ ವಿಷಯ ಬಂತು. ಈಗ. ಇರುವೆಯ ವಿಷಯ ಬಂತು. ಈಗ ಹೇಳಲೇಬೇಕು. ಅವನು ಒಂದು ಗಳಿಗೆ ತಡೆದ, ಮೂರನೇ ಸಾಲಿನ ಕಡೆ ಕಣ್ಣು ಬಂತು, ಅವಳನ್ನು ದಾಟಿ ಹಿಂದಿನ ಗೋಡೆಗೆ ಹೋಯಿತು.

"ಒಬ್ಬನೇ ಕೂತು ಮಾಡಿದ ಆಟ ಅದು," ಅಂದ.

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೂವತ್ತೈದು ವರ್ಷ ಬೇರೆಯವರ ಮುಂದೆ ವಕಾಲತ್ತು ವಹಿಸಿದ್ದಳು ಇವನಿಗಾಗಿ. ಅರ್ಧ ಗಂಟೆಯ ಹಿಂದೆ ಆಣೆ ಹಾಕಿದವನು ಇವನೇ ತಾನೇ? ಎದ್ದು ಹೋಗಿಬಿಡೋಣ ಎಂದು ಬ್ಯಾಗು ಹಿಡಿದುಕೊಂಡಳು.

"ಕೊನೆಯದಾಗಿ ನಿಮಗೊಂದು ಉಡುಗೊರೆ," ಎಂದು ಅವನು ಜೇಬಿನಿಂದ ಕ್ಯಾಸೆಟ್ ತೆಗೆದು ಎತ್ತಿ ಹಿಡಿದ. "ಆ ಆಟದ ಮೂಲ ಟೇಪು. ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಈಗಿನ ಮಕ್ಕಳಿಗೆ ಗೊತ್ತಿಲ್ಲ, ಕಂಪ್ಯೂಟರ್ ಪ್ರೋಗ್ರಾಮು ಆಗ ಕಿರುಚುತ್ತಿತ್ತು. ಬನ್ನಿ, ಆ ಸಂಗೀತ ಕೇಳೋಣ."

ಅಕ್ಕನ ಮಗಳು ಗೋಡೆಯ ಹತ್ತಿರದಿಂದ ಇವಳನ್ನೇ ನೋಡಿದಳು. ಆ ಟೇಪಿನಲ್ಲಿ ಏನಿದೆಯೆಂದು ಚಿಕ್ಕಮ್ಮ ಅವಳೊಬ್ಬಳಿಗೆ ಹೇಳಿದ್ದಳು. ತಡೀಲಾ, ಎಂದು ಕಣ್ಣಲ್ಲೇ ಕೇಳಿದಳು. ಎದ್ದು ನಿಂತು 'ಬೇಡ' ಅನ್ನಲು ಇವಳಿಗೂ ಸಮಯವಿತ್ತು. ಇವಳು ಬ್ಯಾಗನ್ನು ಮತ್ತೆ ಮಡಿಲಿಗಿಟ್ಟುಕೊಂಡಳು.

ಅವನು ಪ್ಲೇ ಒತ್ತಿದ.

ಸ್ವಲ್ಪ ಹೊತ್ತು ಸುಯ್ಯೆಂಬ ಸದ್ದು. ಆಮೇಲೆ ಒಬ್ಬ ಹುಡುಗನ ದನಿ, ತೀರಾ ಹತ್ತಿರದಿಂದ:

"ಒತ್ತಿದ್ಯಾ?"

"ಒತ್ತಿದೆ. ಸುಮ್ನಿರು. ಅಲುಗಾಡಬೇಡ."

"ನಾನೆಲ್ಲಿ ಅಲುಗಾಡ್ದೆ?"

"ಉಸಿರಾಡ್ತಿದ್ದೀಯಲ್ಲ."

ಹಾಲಿನಲ್ಲಿ ನಗು ಎದ್ದಿತು. ವೇದಿಕೆಯ ಮೇಲೆ ಅವನು ನಗಲಿಲ್ಲ.

"ಕಂಪನಿಗೆ ತೋರಿಸ್ವಾಗ ನಿನ್ನ ಹೆಸರು ಮೊದಲು," ಅಂದ ಹುಡುಗ.

"ಯಾಕಪ್ಪಾ?"

"ಮತ್ತೆ? ಕಂಪ್ಯೂಟರ್ ನಿಂದು. ಟಿವಿ ನಿಮ್ಮಪ್ಪಂದು. ಪೊರಕೆ ನಿಮ್ಮಮ್ಮಂದು. ಇರುವೆ ನಿನ್ನ ತಲೆಯಿಂದ ಬಂದದ್ದು. ನಂದೇನಿದೆ ಇಲ್ಲಿ? ಬರೀ ಬಾಯಿ."

"ಆ ಬಾಯಿ ಇಲ್ದಿದ್ರೆ ನಾನು ಏನು ಕೇಳ್ಕೊಂಡು ಟೈಪ್ ಮಾಡ್ಲಿ?"

ನಗು ನಿಂತಿತ್ತು. ಅವನ ಕೈ ಸ್ಟಾಪ್ ಗುಂಡಿಯ ಕಡೆಗೆ ಹೋಯಿತು, ಅದರ ಮೇಲೆ ಬೆರಳಿಟ್ಟ. ಒತ್ತಲಿಲ್ಲ. ಒತ್ತಲು ಆಗಲಿಲ್ಲವೋ, ಬೇಡವೆನಿಸಿತೋ, ದೇವರೇ ಬಲ್ಲ. ಮುಂದೇನು ಬರುತ್ತದೆಂದು ಅವನಿಗೂ ಈಗ ನೆನಪಾಗಿತ್ತು, ಅಷ್ಟು ಮಾತ್ರ ಅವಳಿಗೆ ಕಂಡಿತು.

"ಟಕಟಕೀ."

"ಹೂಂ?"

"ಈ ಡಬ್ಬಿ ಮೇಲಿಂದ ಬೆರಳು ತೆಗೆಯೋ ಹಾಗಿಲ್ಲ ನಾನು. ತೆಗೆದ್ರೆ ಎಲ್ಲಾ ಅಳಿಸಿಹೋಗುತ್ತೆ. ಅದಕ್ಕೇ ಕೂತಲ್ಲೇ ಹೇಳ್ತೀನಿ. ನಗಬಾರದು."

"ಏನು?"

"ನಂಗೆ ನೀನು ಬೇಕು. ಆಟಕ್ಕಲ್ಲ. ಜೀವನಕ್ಕೆ."

ಟೇಪು ತಿರುಗುತ್ತಲೇ ಇತ್ತು. ದೂರದಲ್ಲಿ ಅಡುಗೆಮನೆಯ ಪೊರಕೆಯ ಸದ್ದು. ಆಮೇಲೆ ಹುಡುಗಿಯ ದನಿ, ನಡುಗುತ್ತಾ: "ಆರು ನಿಮಿಷ ಆಯ್ತಾ? ತಾಳು... ಅಯ್ಯೋ! ಜ್ಯಾಕ್ ಚುಚ್ಚೇ ಇಲ್ಲ ಕಣೋ!" ಇಬ್ಬರೂ ಬಿದ್ದು ಬಿದ್ದು ನಗುವ ಸದ್ದು. ಟಕ್.

ಮುಂದಿನ ಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು, "ಯಾರು ಆ ಹುಡುಗಿ?" ಎಂದು ಕೇಳಿದರು. ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ.

ಅವನು ಮೈಕು ಹಿಡಿದ. "ಈ ಕಂಪ್ಯೂಟರ್ ನನ್ನದಲ್ಲ," ಅಂದ. "ಚುಕ್ಕೆ ಇಟ್ಟದ್ದೂ ನಾನಲ್ಲ. ಆಟವೂ... ಅವರು ಇಲ್ಲೇ ಇದ್ದಾರೆ." ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ತಟ್ಟಿದರು. ನಿಜ ಹೇಳಿದ್ದಕ್ಕೂ ಚಪ್ಪಾಳೆ ಅವನಿಗೇ ಬಿತ್ತು.

ಜನ ಟೀಗೆ ಎದ್ದು ಹೋದ ಮೇಲೆ ಅವಳು ವೇದಿಕೆ ಹತ್ತಿದಳು. ಅವನು ಕುರ್ಚಿಯಲ್ಲಿ ಕುಸಿದು ಕೂತಿದ್ದ.

"ಬೇಕೂಂತ ಮಾಡಿದ್ದಲ್ಲ ಕಣೇ," ಅಂದ, ತಲೆ ಎತ್ತದೆ. "ಮೊದಲನೇ ಸಲ ಯಾರೋ ಕೇಳಿದಾಗ ನಿನ್ನ ವಿಷಯ ಎತ್ತೋಕೆ ನಾಚಿಕೆ ಆಯ್ತು. ಬರ್ತೀನಿ ಅಂದೋನು ಬರಲಿಲ್ಲ ಅಂತ ಹೇಗೆ ಹೇಳ್ಲಿ? ಎರಡನೇ ಸಲ ಸುಲಭ ಆಯ್ತು. ಹತ್ತನೇ ಸಲಕ್ಕೆ ನಾನೇ ಟೈಪ್ ಮಾಡಿದ್ದು ಅಂತ ನಂಗೇ ಅನ್ನಿಸೋಕೆ ಶುರುವಾಯ್ತು."

"ಇವತ್ತು?"

ಅವನು ಸರಿಯಾಗೇ ಇದ್ದ ಕಾಲರನ್ನು ಮತ್ತೆ ಸರಿ ಮಾಡಿಕೊಂಡ.

"ನೀನು ಬಿಟ್ಟುಹೋದದ್ದಕ್ಕೆ ನಾನು ಒಂದಿನಾನೂ ನಿನ್ನ ಬೈದಿಲ್ಲ," ಅಂದಳು ಅವಳು. "ಕಂಪ್ಯೂಟರ್ ಹೋಯ್ತು, ಆಟ ಹೋಯ್ತು, ನೀನು ಹೋದೆ. ಹೋಗ್ಲಿ ಅಂದ್ಕೊಂಡೆ. ಆದ್ರೆ ನಾನು ಅಲ್ಲಿದ್ದೆ ಅನ್ನೋದೊಂದನ್ನಾದ್ರೂ ನಂಗೆ ಬಿಟ್ಟುಹೋಗಬೇಕಿತ್ತು ಕಣೋ. ನನ್ನಮ್ಮನ ಮಾತನ್ನೂ ನಿನ್ನಮ್ಮನ ಬಾಯಿಗೆ ಹಾಕಿದ್ಯಲ್ಲ. ಹೊಟ್ಟೆ ಉರಿದುಹೋಯ್ತು ನಂಗೆ."

"ಆ ಕೊನೇ ಮಾತು," ಅವನು ಅಂದ, "ಟೇಪಿನಲ್ಲಿ ಹೇಳಿದ್ದು... ಅದು ನಿಜ ಆಗಿತ್ತು. ನಿನ್ನಾಣೆ ಅನ್ನೋ ಯೋಗ್ಯತೆ ಇಲ್ಲ ನಂಗೀಗ. ಆದ್ರೂ ನಿಜ ಆಗಿತ್ತು."

"ಗೊತ್ತು," ಅಂದಳು ಅವಳು. ಅವಳ ಕಣ್ಣು ತುಂಬಿತ್ತು, ಅದನ್ನು ಅವನಿಗೆ ಕಾಣದ ಹಾಗೆ ಮಾಡುವ ಗೋಜಿಗೆ ಹೋಗಲಿಲ್ಲ. "ಇಲ್ದಿದ್ರೆ ಇಷ್ಟು ವರ್ಷ ಯಾಕೆ ಇಟ್ಕೋತಿದ್ದೆ?"

ರೆಕಾರ್ಡರಿನ ಬಾಯಿ ತೆರೆದು ಕ್ಯಾಸೆಟ್ ತೆಗೆದುಕೊಂಡಳು.

"ಅದನ್ನ ನಂಗೆ ಕೊಡ್ತೀಯಾ?" ಅವನು ಕೈ ಚಾಚಿದ. "ಆ ದನಿ ನನ್ನ ಹತ್ರ ಎಲ್ಲೂ ಉಳಿದಿಲ್ಲ."

"ಕೊಟ್ಟಿದ್ನಲ್ಲ, ಅರ್ಧ ಗಂಟೇಲಿ ನಿಂದೇ ಆಗೋಯ್ತು. ಇನ್ನೊಂದ್ಸಲ ಕೊಟ್ರೆ ಮುಂದಿನ ಲೇಖನದಲ್ಲಿ ಎರಡೂ ದನಿ ನಿಂದೇ ಆಗಿರುತ್ತೆ."

ಅವನು ನಕ್ಕ. ಅಳುವವರು ನಗುವ ಹಾಗೆ. ಅವಳಿಗೂ ನಗು ಬಂತು, ಏನು ಮಾಡುವುದು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಆ ಹಳೇ ಸರದಿಗಿಂತಲೂ ಉದ್ದವಾಗಿ. ಅವನ ಮೂಗಿನ ತುದಿ ಕೆಂಪಾಗಿತ್ತು.

ಆಮೇಲೆ ಅವಳು ಕಂಪ್ಯೂಟರನ್ನು ಎರಡು ಕೈಯಲ್ಲೂ ಎತ್ತಿಕೊಂಡಳು. ಅವಳಿಗೆ ನೆನಪಿದ್ದುದಕ್ಕಿಂತ ಹಗುರವಾಗಿತ್ತು.

"ಒಂದು ತಿಂಗಳು ಅಂದಿದ್ದೆ," ಅಂದಳು.

"ತಗೊಂಡು ಹೋಗು. ನಿಂದೇ."

"ಲೈಬ್ರರಿಗೆ ಕೊಡೋದಾದ್ರೆ ಮುಂದೆ ನಾನೇ ಕೊಡ್ತೀನಿ. ಅದರ ಮೇಲಿನ ಚೀಟಿ ನಾನೇ ಟೈಪ್ ಮಾಡ್ತೀನಿ." ಎರಡು ಮೆಟ್ಟಿಲಿಳಿದು ತಿರುಗಿದಳು. "ಅದರಲ್ಲಿ ನಿನ್ನ ಹೆಸರೂ ಇರುತ್ತೆ, ಓದಪ್ಪ. ಇದ್ದೋರನ್ನ ಇರಲಿಲ್ಲ ಅನ್ನೋಕೆ ನಂಗೆ ಬರಲ್ಲ."

ಅವನು ಎದ್ದು ನಿಂತ. ಹಿಂದೆ ಬರಲಿಲ್ಲ. ಅವಳೂ ಕರೆಯಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕಂಪ್ಯೂಟರ್ ಅವಳ ಮಡಿಲಲ್ಲಿತ್ತು, ಸೆರಗು ಮುಚ್ಚಿಕೊಂಡು. ಅಕ್ಕನ ಮಗಳು ಪಕ್ಕದಲ್ಲಿ ಕೂತು ಅವಳ ತೋಳಿಗೆ ಒರಗಿದ್ದಳು. ರಸ್ತೆ ಕೆಟ್ಟಿತ್ತು, ಬಸ್ಸು ಒಂದೊಂದು ಗುಂಡಿಗೂ ಎತ್ತಿ ಎತ್ತಿ ಹಾಕುತ್ತಿತ್ತು.

"ಚಿಕ್ಕಮ್ಮ, ಅದನ್ನ ಯಾಕೆ ಹಾಗೆ ಒತ್ತಿ ಹಿಡ್ಕೊಂಡಿದ್ದೀರ? ಬೆರಳು ಬೆಳ್ಳಗಾಗಿದೆ ನೋಡಿ."

ಅವಳು ಸೆರಗು ಸರಿಸಿ ನೋಡಿಕೊಂಡಳು. ಅವಳ ಬಲಗೈಯ ತೋರುಬೆರಳು ಹಿಂದಿನ ಆ ಡಬ್ಬಿಯ ಮೇಲೆ ಬಿಗಿಯಾಗಿ ಕೂತಿತ್ತು, ಅವನು ಇಡುತ್ತಿದ್ದ ಜಾಗದಲ್ಲೇ. ಲೈಬ್ರರಿ ಬಿಟ್ಟಾಗಿನಿಂದ ಹಾಗೇ ಇದ್ದಿರಬೇಕು. ಯೋಚಿಸಿದರೆ ಅದಕ್ಕೂ ಎಷ್ಟೋ ಮೊದಲಿನಿಂದ.

"ಅಲುಗಾಡಿದ್ರೆ ಎಲ್ಲಾ ಅಳಿಸಿಹೋಗುತ್ತೆ ಅಂತ," ಅಂದಳು. ಹೇಳುತ್ತಿದ್ದ ಹಾಗೇ ಅಳು ಬಂದುಬಿಟ್ಟಿತು. ಎದುರಿನ ಸೀಟಿನವರು ತಿರುಗಿ ನೋಡುವಷ್ಟು ಅತ್ತಳು. ಅಕ್ಕನ ಮಗಳು ಅವಳ ಬೆನ್ನು ನೇವರಿಸುತ್ತಾ ಕೂತಳು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಒಂದು ದೊಡ್ಡ ಗುಂಡಿ ಬರುವುದನ್ನು ಕಿಟಕಿಯಿಂದ ನೋಡಿ, ಅವಳು ಮೆಲ್ಲಗೆ ಬೆರಳು ತೆಗೆದಳು. ಬಸ್ಸು ಎತ್ತಿ ಹಾಕಿತು. ಡಬ್ಬಿ ಕಳಚಿ ಮಡಿಲಿಗೆ ಬಿತ್ತು.

ಏನೂ ಅಳಿಸಿಹೋಗಲಿಲ್ಲ.